ಏಳು ಕೋರ್ಸ್‌ಗಳ ನಡುವೆ ಅವಳ ಪ್ರಶ್ನೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಬದಿಯಡ್ಕ ಕಡೆಯ ಬಿ.ಕಾಂ. ವಿದ್ಯಾರ್ಥಿನಿ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್‌ಗಳ ‘ಸ್ವಯಂ’ ವೇದಿಕೆಯಲ್ಲಿ ಪೈಥಾನ್ (ಕಂಪ್ಯೂಟರ್ ಪ್ರೋಗ್ರಾಮಿಂಗ್ ಭಾಷೆ), ಮನಃಶಾಸ್ತ್ರ, ಜರ್ಮನ್, ಸೂಕ್ಷ್ಮ ಅರ್ಥಶಾಸ್ತ್ರ ಹೀಗೆ ಏಳು ಕೋರ್ಸ್‌ಗಳಿಗೆ ಒಟ್ಟಿಗೆ ಸೇರಿದ್ದಳು. ಸೇರುವುದು ಉಚಿತ, ತಡೆಯುವವರು ಯಾರೂ ಇರಲಿಲ್ಲ. ಆಗಸ್ಟ್ ಎರಡನೆಯ ವಾರದ ಹೊತ್ತಿಗೆ ಎಲ್ಲದರಲ್ಲೂ ಅಸೈನ್‌ಮೆಂಟ್ ತಪ್ಪಿತ್ತು. “ಟೀಚರ್, ನನ್ನಲ್ಲಿ ಶಿಸ್ತೇ ಇಲ್ಲ” ಎಂದು ಕಣ್ಣು ಒರೆಸಿಕೊಂಡಳು.

ಶಿಸ್ತಿನ ಮಾತು ನನಗೆ ಒಪ್ಪಿಗೆಯಾಗಲಿಲ್ಲ. “ಯಾರೂ ಹೇಳದೆ ನೀನಾಗಿಯೇ ಯಾವ ಪಾಠವನ್ನು ನೋಡಿದೆ?” ಎಂದು ಕೇಳಿದೆ. ಅರ್ಥಶಾಸ್ತ್ರದಲ್ಲಿ ಬೇಡಿಕೆ–ಪೂರೈಕೆಯ ಪಾಠವನ್ನು ಎರಡು ಸಲ ನೋಡಿದ್ದಳು. ತಂದೆ ಚಾಲಿ ಅಡಿಕೆಯನ್ನು ಈಗ ಮಾರಬೇಕೋ ಇಟ್ಟುಕೊಳ್ಳಬೇಕೋ ಎಂದು ಪ್ರತಿ ವರ್ಷ ತಳಮಳಿಸುವುದನ್ನು ಕಂಡು ಬೆಳೆದವಳು. ಧಾರಣೆ ಏಕೆ ಹೀಗೆ ಏರಿಳಿಯುತ್ತದೆ ಎಂಬುದು ಅವಳದೇ ಪ್ರಶ್ನೆ. ಉಳಿದ ಕೋರ್ಸ್‌ಗಳಲ್ಲಿ ಹೆಚ್ಚಿನವು ಗೆಳತಿಯರ ಮಾತಿನಿಂದ ಬಂದವು.

ವಿಷಯಗಳನ್ನು ಆ ಪ್ರಶ್ನೆಗೆ ಹೊಂದಿಸಿದೆವು. ಈ ಅವಧಿಗೆ ಅರ್ಥಶಾಸ್ತ್ರ ಒಂದೇ. ಜನವರಿಯಲ್ಲಿ ಸಂಖ್ಯಾಶಾಸ್ತ್ರ. ಪೈಥಾನ್ ಅದರ ನಂತರ, ಲೆಕ್ಕ ಹಾಕಲು ಕೈಯಲ್ಲಿ ಧಾರಣೆಯ ಅಂಕಿಗಳಿರುವಾಗ. ಅವಳ ಮಟ್ಟಿಗೆ ಅದೇ ಸರಿಯಾದ ಕ್ರಮ. ಮನಃಶಾಸ್ತ್ರವನ್ನು ಬಿಡಬೇಕಾಗಿಲ್ಲ, ಪರೀಕ್ಷೆಯ ಹಂಗಿಲ್ಲದೆ ಪಾಠ ಕೇಳಲಿ. ಜರ್ಮನ್ ಬೇಡವೆಂದು ಅವಳೇ ತೀರ್ಮಾನಿಸಿದಳು.

ತಪ್ಪಿದ ಅಸೈನ್‌ಮೆಂಟ್‌ಗಳ ಭಯವನ್ನು ಲೆಕ್ಕವೇ ಕಳೆಯಿತು. ಅವಳ ಅರ್ಥಶಾಸ್ತ್ರ, ಐಐಟಿಗಳು ‘ಸ್ವಯಂ’ನಲ್ಲಿ ನಡೆಸುವ ಎನ್‌ಪಿಟೆಲ್‌ ಕಾರ್ಯಕ್ರಮದ 12 ವಾರದ ಕೋರ್ಸ್. ಅಲ್ಲಿ ಅತ್ಯುತ್ತಮ 8 ಅಸೈನ್‌ಮೆಂಟ್‌ಗಳನ್ನಷ್ಟೇ ಪರಿಗಣಿಸುತ್ತಾರೆ. ಅಸೈನ್‌ಮೆಂಟ್‌ಗೆ 25, ಕೇಂದ್ರದಲ್ಲಿ ಬರೆಯುವ ಪರೀಕ್ಷೆಗೆ 75 ಅಂಕ. ಪ್ರಮಾಣಪತ್ರಕ್ಕೆ ಕ್ರಮವಾಗಿ ಕನಿಷ್ಠ 10 ಮತ್ತು 30 ಬೇಕು. ಎರಡು ತಪ್ಪಿದರೂ ದಾರಿ ಮುಚ್ಚಿಲ್ಲ. ಪರೀಕ್ಷಾ ಶುಲ್ಕವನ್ನು ಈ ಒಂದಕ್ಕೆ ಮಾತ್ರ ಕಟ್ಟಲು ಹೇಳಿದೆ. ಮುಂದೆ ಎರಡು ಕೋರ್ಸ್ ಜೊತೆಯಾಗಿ ತೆಗೆದುಕೊಂಡರೆ, ಅವುಗಳ ಪರೀಕ್ಷೆ ಒಂದೇ ಹೊತ್ತಿಗೆ ಬೀಳುವುದಿಲ್ಲವೆಂದು ಸೇರುವ ಮೊದಲೇ ನೋಡಿಕೊಳ್ಳಬೇಕು.

ಪದವಿಗೆ ಲೆಕ್ಕವಾಗುವ ಕ್ರೆಡಿಟ್ ವಿಚಾರದಲ್ಲಿ ಒತ್ತಿ ಹೇಳಿದೆ. ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2021ರ ನಿಯಮದಂತೆ ಒಂದು ಸೆಮಿಸ್ಟರ್‌ನ ಕೋರ್ಸ್‌ಗಳಲ್ಲಿ ಶೇ. 40ರವರೆಗೆ ‘ಸ್ವಯಂ’ನಿಂದ ಪಡೆಯಲು ಅವಕಾಶವಿದೆ. ಆದರೆ ಯಾವ ಕೋರ್ಸ್ ಸಲ್ಲುತ್ತದೆ ಎಂಬುದನ್ನು ಕಾಲೇಜಿನಿಂದ ಬರಹದಲ್ಲೇ ಪಡೆಯಬೇಕು. ಬಾಯಿಮಾತು ನಂಬಿ ವರ್ಷ ಕಳೆದುಕೊಂಡ ಮಕ್ಕಳನ್ನು ಕಂಡು ನನಗೆ ಬಹಳ ಸಂಕಟವಾಗಿದೆ.

ಇಂಗ್ಲಿಷ್ ಉಪನ್ಯಾಸದ ವೇಗ ಅವಳಿಗೆ ಕಷ್ಟ. ಎನ್‌ಪಿಟೆಲ್‌ನ ಹಲವು ಕೋರ್ಸ್‌ಗಳಿಗೆ ಕನ್ನಡ ಪಠ್ಯವೂ ಸಿಗುತ್ತದೆ. ಸಿಕ್ಕಲ್ಲಿ ಅದನ್ನು ಮೊದಲು ಓದಿ, ಆಮೇಲೆ ವಿಡಿಯೋ ನೋಡಲು ತಿಳಿಸಿದೆ. ಸಂಖ್ಯಾಶಾಸ್ತ್ರಕ್ಕೆ ಸೇರುವ ಮುನ್ನ, ಡಿಸೆಂಬರ್‌ನಲ್ಲಿ ಮತ್ತೆ ಭೇಟಿಯಾಗುತ್ತೇವೆ.