ಆ ಸರಪಳಿ ಕಟ್ಟಿದ್ದು ಯಾರು?

ನಮಸ್ಕಾರ.

ನಿಮ್ಮ ಕುದುರೆ ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ಖುಷಿಯಿಂದ, ಎರಡನೇ ಸಲ ಹಲ್ಲು ಕಡಿದುಕೊಂಡು. ಅದಕ್ಕೇ ‘ಪ್ರಕಟಣೆಗೆ ಆಯ್ಕೆಯಾಗಿಲ್ಲ’ ಅಂತ ಒಂದು ಸಾಲು ಬರೆದು ಕೈತೊಳೆದುಕೊಳ್ಳಲು ಮನಸ್ಸಾಗಲಿಲ್ಲ. ನೀವು ಒಪ್ಪಿದ್ದರಿಂದ ಉತ್ತರವನ್ನು ಎಲ್ಲರ ಮುಂದೆಯೇ ಬರೆಯುತ್ತಿದ್ದೇನೆ. ಹೆಸರು ಬಿಟ್ಟಿದ್ದೇನೆ.

ಉಳಿದ ಓದುಗರಿಗೆ ಎರಡು ಮಾತು. ಈ ಲೇಖಕಿ ಅಮೆರಿಕದ ಟೆನೆಸ್ಸಿಯಲ್ಲಿದ್ದಾರೆ. ಅಲ್ಲಿ ಶೆಲ್ಬಿವಿಲ್ ಅಂತ ಒಂದು ಊರು. 1939ರಿಂದ ಅಲ್ಲಿ ಟೆನೆಸ್ಸಿ ವಾಕಿಂಗ್ ಹಾರ್ಸ್ ಎಂಬ ತಳಿಯ ಕುದುರೆಗಳ ದೊಡ್ಡ ಪ್ರದರ್ಶನ ನಡೆಯುತ್ತದೆ. ಜನ ಅದನ್ನು ಸುಮ್ನೆ ‘ಸೆಲೆಬ್ರೇಶನ್’ ಅನ್ನುತ್ತಾರೆ. ಹನ್ನೊಂದು ದಿನದ ಜಾತ್ರೆ. ಕೊನೆಯ ರಾತ್ರಿ ಒಂದು ಕುದುರೆಗೆ ‘ವರ್ಲ್ಡ್ ಗ್ರ್ಯಾಂಡ್ ಚಾಂಪಿಯನ್’ ಪಟ್ಟ. ಲೇಖಕಿಯನ್ನು ಪಕ್ಕದ ಮನೆಯವರು ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ಬಂದ ಮೇಲೆ ಆ ಪ್ರದರ್ಶನಗಳ ಮತ್ತು ತರಬೇತುದಾರರ ಚರಿತ್ರೆಯನ್ನು ಬರೆದು ನಮಗೆ ಕಳಿಸಿದ್ದಾರೆ.

ಒಳ್ಳೆಯದನ್ನು ಮೊದಲು ಹೇಳಿ ಮುಗಿಸುತ್ತೇನೆ. ವಿಷಯ ಕನ್ನಡಕ್ಕೆ ಹೊಸದು. ಇಸವಿಗಳು ಸರಿ ಇವೆ. ಕಾಗುಣಿತ ಚೆನ್ನಾಗಿದೆ. ಆಯ್ತು.

ಈಗ ನಿಮ್ಮ ಕುದುರೆ ಹೇಗೆ ನಡೆಯುತ್ತದೆ ಅಂತ ನೋಡೋಣ. ‘ಮನಮೋಹಕ ನಡಿಗೆ’ ನಾಲ್ಕು ಸಲ ಬಂದಿದೆ. ‘ಗಾಳಿಯಲ್ಲಿ ತೇಲಿದಂತೆ’ ಎರಡು ಸಲ. ‘ನೋಡುಗರ ಮನಸೂರೆಗೊಳ್ಳುವ’ ಒಂದು ಸಲ, ಪುಣ್ಯ. ಇಷ್ಟಾದರೂ ಕುದುರೆಯ ಒಂದು ಕಾಲೂ ನನಗೆ ಕಾಣಲಿಲ್ಲ. ಕುದುರೆಯ ಹೆಸರಲ್ಲೇ ನಡಿಗೆ ಇದೆ ಮಾರಾಯ್ರೇ! ಆ ನಡಿಗೆ ಏನು ಅಂತ ಹೇಳದೆ ಮುಂದೆ ಹೋಗುವ ಹಾಗಿಲ್ಲ.

ಹೀಗೆ ಶುರು ಮಾಡಬಹುದಿತ್ತು. ಬೇರೆ ಕುದುರೆಗಳು ಕುಕ್ಕುಲೋಟದಲ್ಲಿ ಹೋಗುವಾಗ ಒಂದು ಬದಿಯ ಮುಂಗಾಲನ್ನೂ ಇನ್ನೊಂದು ಬದಿಯ ಹಿಂಗಾಲನ್ನೂ ಜೋಡಿಯಾಗಿ ಎತ್ತಿಡುತ್ತವೆ. ಎರಡೇ ಸದ್ದು. ಮೇಲೆ ಕೂತವನ ಸೊಂಟ ಗೋವಿಂದ. ಈ ಕುದುರೆ ಹಾಗಲ್ಲ. ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು. ಒಂದೊಂದಾಗಿ ನಾಲ್ಕು ಸದ್ದು, ವೇಗ ಜಾಸ್ತಿಯಾದರೂ ಅದೇ ನಾಲ್ಕು. ಮುಂಗಾಲಿನ ಗುರುತನ್ನು ಹಿಂಗಾಲು ದಾಟಿ ಮುಂದೆ ಬೀಳುತ್ತದೆ, ಒಳ್ಳೆಯ ಕುದುರೆಯಾದರೆ 18 ಅಂಗುಲದವರೆಗೂ. ಹೆಜ್ಜೆಗೊಂದು ಸಲ ತಲೆ ಆಡಿಸುತ್ತದೆ, ಹೌದೌದು ಅಂದ ಹಾಗೆ. ಮೇಲೆ ಕೂತವನಿಗೆ ಕುಲುಕಾಟವೇ ಇಲ್ಲ. ದಿನವಿಡೀ ಹೊಲದ ಸಾಲುಗಳ ನಡುವೆ ಸುತ್ತಬೇಕಾದ ತೋಟದ ಯಜಮಾನರಿಗೆ ಇಂಥದ್ದು ಬೇಕಿತ್ತು. ಆ ಸಾಲುಗಳಲ್ಲಿ ಬಗ್ಗಿ ದುಡಿಯುತ್ತಿದ್ದವರು ಗುಲಾಮರು ಅನ್ನುವುದನ್ನೂ ಒಂದು ಸಾಲಿನಲ್ಲಿ ಹೇಳಿ. ಸುಖದ ಸವಾರಿ ಯಾರದ್ದು ಅಂತ ಗೊತ್ತಾಗಲಿ.

ಇದು ಕಾಣದಿದ್ದರೆ ಮುಂದೆ ನಡಿಗೆ ಕೆಟ್ಟಾಗ ಏನು ಕೆಟ್ಟಿತು ಅಂತ ಓದುಗರಿಗೆ ಹೇಗೆ ತಿಳಿಯಬೇಕು?

ಅಲ್ಲೇ ಬರುತ್ತದೆ ನನ್ನ ಹಲ್ಲು ಕಡಿತ.

ನಿಮ್ಮ ಮೊದಲ ಭಾಗ ನೋಡಿ. ‘ವಾರ್‌ಟ್ರೇಸ್ ಊರಿನ ಫ್ಲಾಯ್ಡ್ ಕರೋದರ್ಸ್, ಹೊಲದಲ್ಲಿ ದುಡಿಯುತ್ತಿದ್ದ ಸ್ಟ್ರೋಲಿಂಗ್ ಜಿಮ್‌ನನ್ನು ಪಳಗಿಸಿದರು. 1939ರ ಮೊದಲ ಪ್ರಶಸ್ತಿಯನ್ನು ಅದರ ಬೆನ್ನ ಮೇಲೆ ಕೂತು ಗೆದ್ದರು.’ ಚೆನ್ನಾಗಿದೆ. ‘ಫ್ರೆಡ್ ವಾಕರ್ 1945 ಮತ್ತು 1946ರಲ್ಲಿ ಮಿಡ್‌ನೈಟ್ ಸನ್ ಎಂಬ ಗಂಡುಕುದುರೆಯನ್ನು ಗೆಲ್ಲಿಸಿದರು.’ ಸರಿ. ‘1966ರಲ್ಲಿ ಬೆಟ್ಟಿ ಸೇನ್ ತಾವೇ ಪಳಗಿಸಿದ ಶೇಕರ್ಸ್ ಶಾಕರ್ ಮೇಲೆ ಕೂತು ಗೆದ್ದರು, ಈ ಪಟ್ಟ ಗೆದ್ದ ಮೊದಲ ಹೆಂಗಸು ಅವರೇ.’ ಭೇಷ್. ‘ಬಡ್ ಡನ್ 1999ರಲ್ಲಿ 81ನೇ ವಯಸ್ಸಿನಲ್ಲಿ ಗೆದ್ದರು.’ ನನಗೆ 81 ಆದಾಗ ಸ್ಟೂಲ್ ಹತ್ತಿದರೆ ಸಾಕು. ಎಲ್ಲ ಕಡೆ ಮನುಷ್ಯರಿದ್ದಾರೆ. ಪಳಗಿಸುತ್ತಾರೆ, ಹತ್ತುತ್ತಾರೆ, ಗೆಲ್ಲುತ್ತಾರೆ.

ಪುಟ ತಿರುಗಿಸಿದರೆ ಎಲ್ಲರೂ ಮಾಯ!

‘1950ರ ದಶಕದಿಂದ ಕುದುರೆಗಳ ಮುಂಗಾಲುಗಳಿಗೆ ರಾಸಾಯನಿಕಗಳನ್ನು ಹಚ್ಚಲಾಗುತ್ತಿತ್ತು.’

ಯಾರು ಹಚ್ಚುತ್ತಿದ್ದರು? ಮಳೆಯಾ? ಇದು ತರಬೇತುದಾರರ ಚರಿತ್ರೆ ಅಂತ ನೀವೇ ಶೀರ್ಷಿಕೆ ಕೊಟ್ಟಿದ್ದೀರಿ. ಬಹುಮಾನ ತೆಗೆದುಕೊಳ್ಳುವಾಗ ವಾಕ್ಯದಲ್ಲಿ ಮುಂದಿನ ಸಾಲಿನಲ್ಲೇ ಕೂತಿದ್ದವರು ಎಣ್ಣೆ ಹಚ್ಚುವಾಗ ಎದ್ದು ಎಲ್ಲಿಗೆ ಹೋದರು? ‘ತರಬೇತುದಾರರಲ್ಲಿ ಹಲವರು ಹಚ್ಚುತ್ತಿದ್ದರು’ ಅನ್ನಿ. ಏನು ಹಚ್ಚುತ್ತಿದ್ದರು ಅಂತಲೂ ಹೇಳಿ. ಸೀಮೆಎಣ್ಣೆ, ಡೀಸೆಲ್, ಸಾಸಿವೆಯ ತೈಲ. ಒಂದು ಎಚ್ಚರ: ‘ಸಾಸಿವೆ ಎಣ್ಣೆ’ ಅಂತ ಮಾತ್ರ ಬರೆದರೆ ನಮ್ಮವರಿಗೆ ಬಂಗಾಳಿಗಳ ಮೀನು ನೆನಪಾಗುತ್ತದೆ. ಇದು ಅಡುಗೆಯದ್ದಲ್ಲ. ಮೂಗಿಗೆ ಏರುತ್ತದಲ್ಲ ಸಾಸಿವೆಯ ಘಾಟು, ಅದನ್ನೇ ಬಸಿದು ತೆಗೆದದ್ದು. ಚರ್ಮ ಬೇಯುತ್ತದೆ.

‘ಗೊರಸುಗಳಿಗೆ ದಪ್ಪ ಅಟ್ಟೆಗಳನ್ನು ಜೋಡಿಸಲಾಗುತ್ತಿತ್ತು ಹಾಗೂ ಸರಪಳಿಗಳನ್ನು ತೊಡಿಸಲಾಗುತ್ತಿತ್ತು.’

ಮತ್ತೆ ಅದೇ ದೆವ್ವದ ಕೈ. ಮೇಲಾಗಿ ‘ತೊಡಿಸುವುದು’ ಬಳೆಗೆ, ಒಡವೆಗೆ ಬರುವ ಮಾತು. ಇಲ್ಲಿ ಅದು ಬೇಡ. ಸರಪಳಿಯ ತೂಕ ಆರು ಔನ್ಸ್ ಮೀರಬಾರದು ಅಂತ ಅಲ್ಲಿ ನಿಯಮ ಇದೆ, ಅಂದರೆ ಸುಮಾರು 170 ಗ್ರಾಂ. ಇಷ್ಟು ಹಗುರದ್ದು ಏನು ಮಾಡೀತು ಅಂತ ಓದುಗ ಕೇಳುತ್ತಾನೆ, ಕೇಳಬೇಕು. ಗಟ್ಟಿ ಚರ್ಮದ ಮೇಲಾದರೆ ಜಾಸ್ತಿ ಏನೂ ಆಗಲಾರದು. ಹಿಂದಿನ ರಾತ್ರಿ ತೈಲ ಬಳಿದು, ಪ್ಲಾಸ್ಟಿಕ್ ಸುತ್ತಿ ಬೇಯಿಸಿದ ಚರ್ಮದ ಮೇಲೆ ಹೆಜ್ಜೆ ಹೆಜ್ಜೆಗೂ ಅದು ಬಡಿದರೆ? ಕುದುರೆ ಮುಂಗಾಲನ್ನು ನೆಲಕ್ಕೆ ಊರಲು ಹೆದರುತ್ತದೆ. ಊರಿದ ಕೂಡಲೇ ಎದೆಯವರೆಗೂ ಕಿತ್ತುಕೊಳ್ಳುತ್ತದೆ. ಭಾರವನ್ನೆಲ್ಲ ಹಿಂದಕ್ಕೆ ಹಾಕಿ ಕುಕ್ಕರುಗಾಲಲ್ಲಿ ಕೂತಂತೆ ಸಾಗುತ್ತದೆ. ಅಖಾಡದಲ್ಲಿ ಇದರ ಹೆಸರು ‘ಬಿಗ್ ಲಿಕ್’. ಜನ ಚಪ್ಪಾಳೆ ಹೊಡೆದರು, ತೀರ್ಪುಗಾರರು ರಿಬ್ಬನ್ ಕೊಟ್ಟರು, ಮಾಲೀಕರು ಅಂಥದ್ದೇ ಬೇಕು ಅಂದರು. ನೋಡಿ, ಕರ್ತೃಗಳಿಗೇನೂ ಬರ ಇಲ್ಲ. ಸಾಲುಗಟ್ಟಿ ನಿಂತಿದ್ದಾರೆ.

ನೀವು ‘ಮನಮೋಹಕ’ ಅಂತ ನಾಲ್ಕನೇ ಸಲ ಬರೆದದ್ದು ಇದೇ ಬಿಗ್ ಲಿಕ್ ಬಗ್ಗೆ. ಹೊಲದ ಮೆತ್ತನೆಯ ನಡಿಗೆ, ಅಖಾಡದ ಈ ನೋವಿನ ನೆಗೆತ, ಎರಡಕ್ಕೂ ಒಂದೇ ಪದ.

‘ಇದರಿಂದ ಕುದುರೆಗಳಿಗೆ ತೊಂದರೆಯಾಗುತ್ತಿತ್ತು ಎಂದು ಹೇಳಲಾಗುತ್ತದೆ.’

ಇದನ್ನು ಓದಿ ಪೆನ್ನು ಕೆಳಗಿಟ್ಟು ಟೀ ಕುಡಿಯಲು ಹೋದೆ.

ಕರ್ಮಣಿ ಪ್ರಯೋಗ ಅಂದರೆ ನನಗೆ ಯಾಕಿಷ್ಟು ಸಿಟ್ಟು ಅಂತ ಹೇಳಬೇಕು. ನಾನು ಕೆಲಸ ಕಲಿತದ್ದು ಜಿಲ್ಲಾ ಕೇಂದ್ರದ ಒಂದು ಸಣ್ಣ ದಿನಪತ್ರಿಕೆಯಲ್ಲಿ. ಸೇರಿದ ತಿಂಗಳಲ್ಲೇ ಹತ್ತಿರದ ಊರಿನ ದನಗಳ ಜಾತ್ರೆಗೆ ಕಳಿಸಿದರು. ಬಂದು ಬರೆದೆ: ‘ಎತ್ತುಗಳನ್ನು ಕೆಡವಿ ಲಾಳ ಹೊಡೆಯಲಾಯಿತು.’ ಪೇಪರಿನ ಭಾಷೆ ಅಂದರೆ ಹೀಗೇ ಇರಬೇಕು ಅಂದುಕೊಂಡಿದ್ದೆ. ಮುಖ್ಯ ಉಪಸಂಪಾದಕರು ಎಲೆಅಡಿಕೆ ಬಾಯಲ್ಲಿಟ್ಟುಕೊಂಡೇ ಕೇಳಿದರು, ‘ಯಾರಯ್ಯಾ ಕೆಡವಿದ್ದು? ಗಾಳಿಯಾ?’ ನಾನು ಸುಮ್ಮನೆ ನಿಂತೆ. ‘ನಮ್ಮಜ್ಜಿ ಯಾವತ್ತೂ ಹಾಲು ಕುಡಿಯಲಾಯಿತು ಅಂದಿಲ್ಲ. ಬೆಕ್ಕು ಕುಡೀತು ಅಂದಿದ್ದಾಳೆ. ಹೋಗು, ನೋಡ್ಕೊಂಡು ಬಾ.’

ಮಾರನೇ ದಿನ ಮತ್ತೆ ಬಸ್ಸು ಹತ್ತಿದೆ. ಲಾಳ ಹೊಡೆಯುವ ಮುದುಕ ಹುಣಸೆ ಮರದ ಕೆಳಗಿದ್ದ. ಎತ್ತಿನ ಕಾಲಿಗೆ ಹಗ್ಗ ಸುತ್ತಿ ಒಂದೇ ಜಗ್ಗಿಗೆ ಕೆಡವಿದ. ಅವನ ಮೊಮ್ಮಗ ಎತ್ತಿನ ಕತ್ತಿನ ಮೇಲೆ ಕೂತ. ಒಂದು ಕಾಲಿಗೆ ಎರಡು ಲಾಳ, ಎತ್ತಿನ ಗೊರಸು ಸೀಳಿರುತ್ತದಲ್ಲ. ಮೊಳೆಗಳನ್ನೆಲ್ಲ ತುಟಿಯ ಮಧ್ಯೆ ಕಚ್ಚಿಕೊಂಡಿದ್ದ. ಹೊಡೆಯುವ ಮೊದಲು ಸುತ್ತಿಗೆಯಿಂದ ಗೊರಸನ್ನು ಮೆಲ್ಲಗೆ ತಟ್ಟಿ ಕೇಳುತ್ತಿದ್ದ, ತೆಂಗಿನಕಾಯಿ ಕೊಳ್ಳುವವರ ಹಾಗೆ. ಮೂರನೇ ಮೊಳೆಗೆ ಎತ್ತಿನ ತೊಡೆ ನಡುಗಿತು. ತಕ್ಷಣ ಮೊಳೆ ಕಿತ್ತ. ತುದಿಯಲ್ಲಿ ರಕ್ತ. ‘ನಾನೇ ಒಳಕ್ಕೆ ಹೊಡೆದೆ’ ಅಂದ. ಮೊಳೆಯನ್ನು ಪಂಚೆಗೆ ಒರೆಸಿ, ಅರಿಶಿನ ತಾ ಅಂತ ಮೊಮ್ಮಗನನ್ನು ಅಟ್ಟಿದ. ನಾನೇ ಹೊಡೆದೆ. ‘ಹೊಡೆಯಲಾಯಿತು’ ಅನ್ನಲಿಲ್ಲ.

ಮತ್ತೆ ನಿಮ್ಮ ಪುಟಕ್ಕೆ.

‘1970ರಲ್ಲಿ ಕಾನೂನಿನ ಮೂಲಕ ಇದನ್ನು ನಿಷೇಧಿಸಲಾಯಿತು.’

ಯಾರು, ಏನನ್ನು? ಮೇರಿಲ್ಯಾಂಡಿನ ಸೆನೆಟರ್ ಜೋಸೆಫ್ ಟೈಡಿಂಗ್ಸ್ ಮಸೂದೆ ತಂದರು, ಅಧ್ಯಕ್ಷ ನಿಕ್ಸನ್ ಸಹಿ ಹಾಕಿದರು. ಅದಿರಲಿ. ಆ ಕಾನೂನನ್ನು ಸರಿಯಾಗಿ ಓದಿದಿರಾ? ಕಾಲು ಬೇಯಿಸಿದ ಕುದುರೆಯನ್ನು ಪ್ರದರ್ಶಿಸುವ ಹಾಗಿಲ್ಲ, ಮಾರುವ ಹಾಗಿಲ್ಲ, ಪ್ರದರ್ಶನಕ್ಕೆ ಸಾಗಿಸುವ ಹಾಗಿಲ್ಲ. ತನ್ನ ಲಾಯದಲ್ಲಿ ಕೂತು ಬೇಯಿಸುವ ಕೆಲಸ ಆ ಪಟ್ಟಿಯಲ್ಲೇ ಇಲ್ಲ! ಅದನ್ನೂ ಸೇರಿಸುವ ಮಸೂದೆಗೆ 2019ರಲ್ಲಿ ಕೆಳಮನೆ ಒಪ್ಪಿತು, ಸೆನೆಟ್ ದಾಟಲಿಲ್ಲ. ಅಂದರೆ ಹಚ್ಚಿದವನನ್ನು ವಾಕ್ಯದಿಂದ ಬಿಟ್ಟದ್ದು ನೀವೊಬ್ಬರೇ ಅಲ್ಲ, ಕಾನೂನೂ ಬಿಟ್ಟಿದೆ. ಇಷ್ಟು ದೊಡ್ಡ ಸಂಗತಿ ನಿಮ್ಮ ‘ನಿಷೇಧಿಸಲಾಯಿತು’ ಕೆಳಗೆ ಹೂತುಹೋಗಿದೆ.

ತಪಾಸಣೆಯ ವಿಷಯಕ್ಕೆ ನೀವು ಅರ್ಧ ಸಾಲು ಕೊಟ್ಟಿದ್ದೀರಿ. ನಾನಾಗಿದ್ದರೆ ಲೇಖನವನ್ನೇ ಅಲ್ಲಿಂದ ಶುರು ಮಾಡುತ್ತಿದ್ದೆ. 1976ರ ತಿದ್ದುಪಡಿಯ ನಂತರ ಪ್ರದರ್ಶನದವರೇ ನೇಮಿಸಿದ ತಪಾಸಕರು ಕುದುರೆಯ ಗೊರಸಿನ ಮೇಲಿನ ಭಾಗವನ್ನು ಹೆಬ್ಬೆರಳಿಂದ ಒತ್ತಿ ನೋಡುತ್ತಾರೆ. ನೋವಿದ್ದರೆ ಕುದುರೆ ಕಾಲು ಎಳೆದುಕೊಳ್ಳುತ್ತದೆ, ಸಿಕ್ಕಿಬೀಳುತ್ತದೆ. ಇದಕ್ಕೆ ಕೆಲವು ತರಬೇತುದಾರರು ಕಂಡುಕೊಂಡ ಉಪಾಯ ಏನು? ಲಾಯದಲ್ಲೇ ಸುಳ್ಳು ತಪಾಸಣೆ. ಒಬ್ಬ ಕಾಲು ಒತ್ತುತ್ತಾನೆ. ಕುದುರೆ ಅಲುಗಿದರೆ ಇನ್ನೊಬ್ಬ ಮುಖಕ್ಕೆ ಹೊಡೆಯುತ್ತಾನೆ. ಮತ್ತೆ ಒತ್ತುತ್ತಾನೆ. ಕಾಲಿನ ನೋವಿಗಿಂತ ಮುಖದ ಏಟು ಜಾಸ್ತಿ ಅಂತ ಕುದುರೆ ಕಲಿಯುತ್ತದೆ, ಕಲ್ಲಿನ ಹಾಗೆ ನಿಲ್ಲುತ್ತದೆ. ಇದೂ ತರಬೇತಿಯೇ ಅಲ್ವಾ? ತರಬೇತುದಾರರ ಚರಿತ್ರೆಯಲ್ಲಿ ಇದು ಅರ್ಧ ಸಾಲಿನ ಮಾತಾ?

‘2006ರಲ್ಲಿ ಪ್ರಶಸ್ತಿ ನೀಡಲಾಗಲಿಲ್ಲ.’ ಯಾಕೆ? ಸರ್ಕಾರಿ ತಪಾಸಕರು ಬಿಗಿ ಮಾಡಿದರು, ಕೊನೆಯ ಸುತ್ತಿನ ಕುದುರೆಗಳಲ್ಲಿ ಪಾಸಾದದ್ದು ಮೂರೇ. ಆ ವರ್ಷ ಚಾಂಪಿಯನ್ನೇ ಇಲ್ಲ. ‘2012ರಲ್ಲಿ ಒಂದು ವಿಡಿಯೋ ಬಿಡುಗಡೆಯಾಯಿತು.’ ಅದಕ್ಕೇನು ಕಾಲು ಬಂದಿತ್ತಾ? ಪ್ರಾಣಿದಯಾ ಸಂಸ್ಥೆ ಹ್ಯೂಮೇನ್ ಸೊಸೈಟಿಯ ಒಬ್ಬ ಕಾರ್ಯಕರ್ತ ಗುಟ್ಟಾಗಿ ಚಿತ್ರಿಸಿದ್ದು ಅದು. ಲಾಯ ಜ್ಯಾಕಿ ಮೆಕ್‌ಕಾನೆಲ್ ಅವರದ್ದು. ಹಿಂದೆ ಸೆಲೆಬ್ರೇಶನ್ನಿನ ದೊಡ್ಡ ಪಟ್ಟ ಗೆದ್ದಿದ್ದವರು. ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡರು. ಮೂರು ವರ್ಷ ಪ್ರೊಬೇಷನ್, 75,000 ಡಾಲರ್ ದಂಡ. ಪೆಪ್ಸಿ ಪ್ರಾಯೋಜಕತ್ವ ವಾಪಸ್ ಪಡೆಯಿತು. ಕೋರ್ಟಿನ ದಾಖಲೆ ಇರುವ ಕಡೆ ಹೆಸರು ಬರೆಯಲು ಅಂಜಬೇಡಿ. ಇಲ್ಲದ ಕಡೆ ಯಾರ ಹೆಸರನ್ನೂ ಎಳೆಯಬೇಡಿ. ಅಟ್ಟೆ, ಸರಪಳಿ ಯಾವುದೂ ಇಲ್ಲದೆ ಸಾದಾ ಲಾಳದಲ್ಲೇ ಕುದುರೆ ತೋರಿಸುವವರೂ ಅಲ್ಲಿ ಇದ್ದಾರೆ, ಅವರನ್ನು ಈ ಗುಂಪಿಗೆ ಸೇರಿಸಬೇಡಿ.

ಕೊನೆಯ ಪ್ಯಾರಾದ ಕಂಬಳ, ಜಲ್ಲಿಕಟ್ಟು ಎರಡನ್ನೂ ಹೊಡೆದುಹಾಕಿದ್ದೇನೆ. ಅವುಗಳ ಜಗಳ ಬೇರೆ. ಅದನ್ನು ಬರೆಯುವುದಾದರೆ ಗದ್ದೆಗೆ ಹೋಗಿ ಬಂದು ಬರೆಯಿರಿ.

ನನಗೊಂದು ಅನುಮಾನ ಇದೆ, ತಪ್ಪಾದರೆ ಕ್ಷಮಿಸಿ. ನಿಮಗೆ ಕನ್ನಡ ಬಾರದೆ ಹೀಗೆ ಬರೆದದ್ದಲ್ಲ. ಮೊದಲ ಭಾಗವೇ ಸಾಕ್ಷಿ. ನಿಮ್ಮನ್ನು ಕರೆದುಕೊಂಡು ಹೋದ ಪಕ್ಕದ ಮನೆಯವರೂ ಇಂಥ ಕುದುರೆ ಸಾಕಿದ್ದಾರೆ ಅಂತ ಬರೆದಿದ್ದೀರಿ. ಅವರ ಮನೆಯಲ್ಲಿ ಊಟ ಮಾಡಿದ್ದೀರಿ. ಒಳ್ಳೆಯ ಜನ. ‘ಹಚ್ಚುತ್ತಿದ್ದರು’ ಅಂದರೆ ಅವರ ಮುಖ ಕಣ್ಮುಂದೆ ಬರುತ್ತದೆ, ಅದಕ್ಕೇ ‘ಹಚ್ಚಲಾಗುತ್ತಿತ್ತು’. ನನಗೆ ಅರ್ಥವಾಗುತ್ತದೆ. ಆ ಲಾಳದ ಪಾಠ ಆಗಿ ವರ್ಷದ ಮೇಲೆ ನಾನೂ ಗೊತ್ತಿದ್ದೇ ಒಂದು ಸಲ ಬರೆದೆ: ‘ರಸ್ತೆ ಬದಿಯ ಮರಗಳನ್ನು ಕಡಿಯಲಾಗಿದೆ.’ ಕಡಿಸಿದ ಕಂತ್ರಾಟುದಾರ ನಾನು ಬಾಡಿಗೆಗಿದ್ದ ಮನೆಯ ಯಜಮಾನರ ಭಾವಮೈದ. ಮುಖ್ಯ ಉಪಸಂಪಾದಕರು ಒಂದಕ್ಷರ ತಿದ್ದದೆ ಅಚ್ಚಿಗೆ ಬಿಟ್ಟರು. ಸಂಜೆ ಮೆಟ್ಟಿಲಿಳಿಯುವಾಗ ಕೇಳಿದರು, ‘ಬಾಡಿಗೆ ಎಷ್ಟು ಕಡಿಮೆ ಮಾಡಿದ್ರು?’

ನಿಮ್ಮ ಮೂರನೇ ಪುಟದಲ್ಲಿ ಒಂದು ಸಾಲಿದೆ. ಅಖಾಡಕ್ಕೆ ಬಿಡುವ ಮೊದಲು ಕುದುರೆಗಳನ್ನು ಸುತ್ತಾಡಿಸುವ ಜಾಗದಲ್ಲಿ ನಿಂತಿದ್ದಾಗ ‘ಕತ್ತಲಲ್ಲಿ ಕುದುರೆ ಕಾಣುವ ಮೊದಲೇ ಸರಪಳಿಯ ಸದ್ದು ಬಂತು’ ಅಂತ. ಆಮೇಲೆ ಅದನ್ನು ಬಿಟ್ಟು ಐಸ್‌ಕ್ರೀಂ ಅಂಗಡಿಗೆ ಹೋಗಿಬಿಟ್ಟಿರಿ. ಆ ಸದ್ದು ಹೇಗಿತ್ತು? ಕುದುರೆ ಬೆಳಕಿಗೆ ಬಂದಾಗ ಹಗ್ಗ ಹಿಡಿದಿದ್ದವರು ಯಾರು? ನಿಮ್ಮ ಪಕ್ಕದಲ್ಲಿ ನಿಂತಿದ್ದ ಪಕ್ಕದ ಮನೆಯವರು ಆಗ ಏನಂದರು? ಅಷ್ಟನ್ನು ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ನಾಲ್ಕು ಪುಟ ಖಾಲಿ ಇಟ್ಟಿದ್ದೇನೆ, 20ನೇ ತಾರೀಖಿನವರೆಗೆ.