ಹತ್ತುವುದೆಲ್ಲ ‘ಅಸೆಂಡ್’ ಅಲ್ಲ

ಪ್ರಶ್ನೆ: ‘ಅಸೆಂಡ್’ ಎಂದರೆ ಹತ್ತು, ಏರು ಎಂದು ನಿಘಂಟಿನಲ್ಲಿದೆ. ಮಗಳು ‘ನಾನು ಬಸ್ ಹತ್ತಿದೆ’ ಎನ್ನುವುದಕ್ಕೆ ‘ಐ ಅಸೆಂಡೆಡ್ ದ ಬಸ್’ ಎಂದು ಬರೆದರೆ ಟೀಚರು ಕೆಂಪು ಗೆರೆ ಎಳೆದಿದ್ದಾರೆ. ತಪ್ಪೇನು?
– ಓದುಗರೊಬ್ಬರು, ಶಿರಸಿ

ಉತ್ತರ: ಟೀಚರು ಗೆರೆ ಎಳೆದದ್ದು ಸರಿ. ನಿಘಂಟು ಸುಳ್ಳು ಹೇಳಿಲ್ಲ, ಆದರೆ ಅರ್ಧಕ್ಕೇ ನಿಲ್ಲಿಸಿದೆ. ನಮ್ಮ ‘ಹತ್ತು’ ಮಾಡದ ಕೆಲಸವಿಲ್ಲ: ಮರ ಹತ್ತುತ್ತೇವೆ, ಬಸ್ ಹತ್ತುತ್ತೇವೆ, ಬೆಂಕಿ ಹತ್ತುತ್ತದೆ, ನಿದ್ದೆಯೂ ಹತ್ತುತ್ತದೆ. ಇವುಗಳಲ್ಲಿ ಒಂದಕ್ಕೂ ‘ಅಸೆಂಡ್’ ಸಹಜವಾಗಿ ಒಗ್ಗುವುದಿಲ್ಲ. ಬಸ್ಸಿಗೆ ‘ಗೆಟ್ ಆನ್’ ಅಥವಾ ‘ಬೋರ್ಡ್’, ತೆಂಗಿನ ಮರಕ್ಕೆ ‘ಕ್ಲೈಂಬ್’.

‘ಕ್ಲೈಂಬ್’ನಲ್ಲಿ ಕೈಕಾಲಿನ ಶ್ರಮ ಕಾಣುತ್ತದೆ. ‘ಅಸೆಂಡ್’ಗೆ ಶ್ರಮ ಇದ್ದರೂ ಸರಿ, ಇಲ್ಲದಿದ್ದರೂ ಸರಿ, ಕೆಳಗಿದ್ದದ್ದು ಮೇಲಕ್ಕೆ ಹೋದರೆ ಸಾಕು. ಹಾಗಾಗಿ ಹೊಗೆ, ಬಲೂನು, ಲಿಫ್ಟ್ ಎಲ್ಲವೂ ‘ಅಸೆಂಡ್’ ಆಗುತ್ತವೆ. ಮೇಲಕ್ಕೆ ಎಂಬ ಅರ್ಥ ಪದದೊಳಗೇ ಇರುವುದರಿಂದ ‘ಅಸೆಂಡ್ ಅಪ್’ ಎಂದರೆ ಒಂದೇ ಮಾತನ್ನು ಎರಡು ಸಲ ಹೇಳಿದಂತೆ. ‘ಕ್ಲೈಂಬ್ ಡೌನ್’ ಉಂಟು, ‘ಅಸೆಂಡ್ ಡೌನ್’ ಇಲ್ಲ.

ಇನ್ನೊಂದು ಮಾತು, ಇದು ಗಂಭೀರ ಬರಹದ ಪದ. ಬೆಟ್ಟ, ಮೆಟ್ಟಿಲು, ಸಿಂಹಾಸನಕ್ಕೆ ಬರವಣಿಗೆಯಲ್ಲಿ ಒಪ್ಪುತ್ತದೆ. ಮನೆಯ ಮಹಡಿಗೆ ಹೋಗುವಾಗ ಯಾರೂ ಹಾಗೆನ್ನುವುದಿಲ್ಲ, ‘ಗೋ ಅಪ್’ ಎನ್ನುತ್ತಾರೆ. ಇತ್ತ ಕನ್ನಡದಲ್ಲಿ ಬೆಲೆ, ಜ್ವರ, ಬಿಪಿ ಎಲ್ಲವೂ ಏರುತ್ತವೆ. ಇಂಗ್ಲಿಷಿನಲ್ಲಿ ಅವಕ್ಕೆ ‘ರೈಸ್’ ಅಥವಾ ‘ಗೋ ಅಪ್’.

ಮೂಲ ಲ್ಯಾಟಿನ್‌ನ ‘ಸ್ಕಾಂಡೆರೆ’, ಹತ್ತು ಎಂದೇ ಅರ್ಥ. ‘ಡಿಸೆಂಡ್’ ಬಂದದ್ದೂ ಅಲ್ಲಿಂದಲೇ. ಪದ್ಯಕ್ಕೆ ಪ್ರಸ್ತಾರ ಹಾಕುವುದನ್ನು ಹೇಳುವ ‘ಸ್ಕ್ಯಾನ್’ ಕೂಡ ಅದರದೇ ಕುಡಿ ಎಂದರೆ ಛಂದಸ್ಸು ಕಲಿತವರು ಹುಬ್ಬೇರಿಸಬಹುದು. ಕಾಗುಣಿತದಲ್ಲಿ ಎಸ್ ಆದಮೇಲೆ ಒಂದು ಸಿ ಇದೆ. ಉಚ್ಚಾರದಲ್ಲಿ ಅದು ಬೇರೆಯಾಗಿ ಕೇಳಿಸದ ಕಾರಣ ಮಕ್ಕಳು ಬಿಟ್ಟುಬಿಡುತ್ತಾರೆ. ಒತ್ತು ‘ಸೆಂಡ್’ ಮೇಲೆ.

ನಾಮಪದ ‘ಅಸೆಂಟ್’. 1953ರ ಮೇ 29ರಂದು ಹಿಲರಿ ಮತ್ತು ತೇನ್‌ಸಿಂಗ್ ಎವರೆಸ್ಟ್ ತುದಿ ಮುಟ್ಟಿದ್ದನ್ನು ಪರ್ವತಾರೋಹಿಗಳು ‘ಫಸ್ಟ್ ಅಸೆಂಟ್’ ಎನ್ನುತ್ತಾರೆ. ಅನುವಾದಕರು ಮುಗ್ಗರಿಸುವುದು ಇಲ್ಲೇ. ಇದೇ ಉಚ್ಚಾರದ, ಎರಡು ಎಸ್ ಇರುವ ಇನ್ನೊಂದು ‘ಅಸೆಂಟ್’ಗೆ ಒಪ್ಪಿಗೆ ಎಂದರ್ಥ. ಸಂವಿಧಾನದ 200ನೇ ವಿಧಿಯಂತೆ ರಾಜ್ಯಪಾಲರು ಮಸೂದೆಗೆ ಕೊಡುವುದು ಆ ಒಪ್ಪಿಗೆಯನ್ನು. ಸಿ ಹಾಕಿ ಬರೆದರೆ ರಾಜ್ಯಪಾಲರು ಮಸೂದೆಗೆ ಆರೋಹಣ ಕೊಟ್ಟಂತಾಗುತ್ತದೆ!

ಕನ್ನಡಕ್ಕೆ ತರುವಾಗ ‘ಆರೋಹಣ’ವನ್ನು ಎಲ್ಲೆಡೆ ಅಂಟಿಸಬೇಡಿ. ಸಂಗೀತಕ್ಕೆ, ಯೇಸುವಿನ ಸ್ವರ್ಗಾರೋಹಣಕ್ಕೆ ಅದೇ ಸರಿ. ರಾಜನಾದರೆ ‘ಪಟ್ಟವೇರಿದ’, ಗಣಿತಕ್ಕೆ ‘ಏರಿಕೆ ಕ್ರಮ’. ಜ್ಯೋತಿಷದ ‘ಅಸೆಂಡೆಂಟ್’ಗೆ ಹೊಸ ಪದ ಹುಡುಕುವುದೇ ಬೇಡ, ಅದು ನಮ್ಮ ಲಗ್ನ.

ಮಗಳಿಗೆ ಹೇಳಿ: ‘ಐ ಗಾಟ್ ಆನ್ ದ ಬಸ್.’