ಎಳವೆಯ ಮಧುಮೇಹ: ಓದುಗರ ಪ್ರಶ್ನೆಗಳಿಗೆ ವೈದ್ಯರ ಉತ್ತರ

ಪ್ರಶ್ನೆ: ನನ್ನ ಮಗನಿಗೆ ಹನ್ನೊಂದು ವರ್ಷ. ನಾಲ್ಕು ತಿಂಗಳ ಹಿಂದೆ ವಿಪರೀತ ಬಾಯಾರಿಕೆ ಶುರುವಾಗಿ, ತೂಕ ಇಳಿದು, ಕೊನೆಗೆ ವಾಂತಿ ಮತ್ತು ಏದುಸಿರಿನಿಂದ ಆಸ್ಪತ್ರೆಗೆ ಸೇರಿಸಿದಾಗ ಟೈಪ್ 1 ಮಧುಮೇಹವೆಂದು ತಿಳಿಯಿತು. ಈಗ ಮೊದಲಿನ ಅರ್ಧಕ್ಕಿಂತ ಕಡಿಮೆ ಇನ್ಸುಲಿನ್ ಸಾಕಾಗುತ್ತಿದೆ. ಬಂಧುಗಳು ಹೇಳಿದ ಕಷಾಯವನ್ನೂ ಕೊಡುತ್ತಿದ್ದೇವೆ. ಕಾಯಿಲೆ ಗುಣವಾಗುತ್ತಿದೆಯೇ? ಸೂಜಿ ನಿಲ್ಲಿಸಬಹುದೇ?
– ಒಬ್ಬ ತಾಯಿ, ಸಿಂಧನೂರು

ಉತ್ತರ: ದಯವಿಟ್ಟು ನಿಲ್ಲಿಸಬೇಡಿ. ನಿಮ್ಮ ಪತ್ರವನ್ನು ಮೊದಲಿಗೆ ಎತ್ತಿಕೊಂಡದ್ದೇ ಈ ಕಾರಣಕ್ಕೆ. ಟೈಪ್ 1 ಮಧುಮೇಹದಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ತಪ್ಪು ತಿಳಿದು ಮೇದೋಜೀರಕ ಗ್ರಂಥಿಯ ಬೀಟಾ ಕಣಗಳನ್ನು, ಅಂದರೆ ಇನ್ಸುಲಿನ್ ತಯಾರಿಸುವ ಕಣಗಳನ್ನು, ನಾಶಮಾಡುತ್ತದೆ. ಕಾಯಿಲೆ ಪತ್ತೆಯಾಗುವ ಹೊತ್ತಿಗೆ ಬಹುಪಾಲು ಕಣಗಳು ಹೋಗಿರುತ್ತವೆ; ಉಳಿದವು ರಕ್ತದಲ್ಲಿ ಏರಿದ ಸಕ್ಕರೆಯ ಭಾರಕ್ಕೆ ಸೋತು ಕುಳಿತಿರುತ್ತವೆ. ಹೊರಗಿನಿಂದ ಇನ್ಸುಲಿನ್ ಸಿಕ್ಕ ಕೂಡಲೇ ಅವು ಸ್ವಲ್ಪ ಚೇತರಿಸಿಕೊಂಡು ಮತ್ತೆ ಕೆಲಸಕ್ಕೆ ತೊಡಗುತ್ತವೆ. ಇದಕ್ಕೆ ವೈದ್ಯರು ಹನಿಮೂನ್ ಅವಧಿ ಎನ್ನುತ್ತಾರೆ. ಇದು ಕೆಲವರಲ್ಲಿ ಕೆಲವೇ ವಾರ, ಕೆಲವರಲ್ಲಿ ಒಂದು ವರ್ಷದವರೆಗೂ ಇರಬಹುದು, ಆದರೆ ಮುಗಿಯದೇ ಇರುವುದಿಲ್ಲ. ನೀವು ಕಷಾಯ ಆರಂಭಿಸಿದ ಕಾಲವೂ ಈ ಅವಧಿಯೂ ಒಂದೇ ಆಗಿದ್ದರಿಂದ ಅದರ ಕೀರ್ತಿ ಕಷಾಯಕ್ಕೆ ಸಂದಿದೆ, ಅಷ್ಟೇ.

ಎಳೆಯ ಮಕ್ಕಳ ವಿಷಯದಲ್ಲಿ ನನಗೆ ಅತ್ಯಂತ ನೋವು ಕೊಡುವ ಸಂಗತಿ ಇದು: ಇದೇ ಅವಧಿಯಲ್ಲಿ "ಗುಣವಾಯಿತು" ಎಂಬ ನಂಬಿಕೆಯಿಂದ ಇನ್ಸುಲಿನ್ ನಿಲ್ಲಿಸಿದ ಮಕ್ಕಳು, ಹಿಂದೆ ನಿಮ್ಮ ಮಗ ಬಂದಂತೆಯೇ, ವಾಂತಿ, ಹೊಟ್ಟೆನೋವು, ಆಳವಾದ ಏದುಸಿರಿನೊಂದಿಗೆ ಮತ್ತೆ ತುರ್ತು ವಿಭಾಗಕ್ಕೆ ಬರುತ್ತಾರೆ. ಇನ್ಸುಲಿನ್ ಇಲ್ಲದಾಗ ದೇಹ ಸಕ್ಕರೆಯನ್ನು ಬಳಸಲಾರದೆ ಕೊಬ್ಬನ್ನು ಕರಗಿಸುತ್ತದೆ. ಆಗ ಹುಟ್ಟುವ ಕೀಟೋನ್ ಎಂಬ ಆಮ್ಲಗಳು ರಕ್ತದಲ್ಲಿ ತುಂಬಿಕೊಂಡರೆ ಕೆಲವೇ ದಿನಗಳಲ್ಲಿ ಪ್ರಾಣಾಪಾಯವಾಗುತ್ತದೆ. ಇನ್ಸುಲಿನ್ ಬರುವ ಮೊದಲು ಈ ಮಕ್ಕಳನ್ನು ಅರೆಹೊಟ್ಟೆಯಲ್ಲಿಟ್ಟು ಅವರ ಆಯುಸ್ಸನ್ನು ಕೆಲವು ತಿಂಗಳು ಹೆಚ್ಚಿಸುವುದಷ್ಟೇ ವೈದ್ಯರ ಕೈಯಲ್ಲಿತ್ತು. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ, ಸಾವಿನ ಅಂಚಿನಲ್ಲಿದ್ದ ಹದಿನಾಲ್ಕು ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಮೊದಲ ಬಾರಿಗೆ ಇನ್ಸುಲಿನ್ ಕೊಡಲಾಯಿತು. ಅಂದಿನ ಒರಟು ಔಷಧದಲ್ಲೇ ಆತ ಮುಂದೆ ಹದಿಮೂರು ವರ್ಷ ಬದುಕಿದ. ಇಂದು ನಿಮ್ಮ ಮಗನ ಕೈಯಲ್ಲಿರುವ ಔಷಧ ಅದಕ್ಕಿಂತ ಎಷ್ಟೋ ಮುಂದುವರಿದದ್ದು.

ಪ್ರಮಾಣ ಕಡಿಮೆ ಸಾಕಾಗುತ್ತಿದ್ದರೆ ವೈದ್ಯರ ಸಲಹೆಯಂತೆ ಕಡಿಮೆಯೇ ಕೊಡಿ, ಆದರೆ ಪೂರ್ತಿ ಬಿಡಬೇಡಿ. ಜ್ವರ ಬಂದು ಮಗು ಊಟ ಮಾಡದ ದಿನವೂ ದೀರ್ಘಕಾಲ ಕೆಲಸ ಮಾಡುವ ಇನ್ಸುಲಿನ್ ಬೇಕೇ ಬೇಕು, ಏಕೆಂದರೆ ಕಾಯಿಲೆ ಬಿದ್ದಾಗ ದೇಹದ ಅಗತ್ಯ ಸಾಮಾನ್ಯವಾಗಿ ಹೆಚ್ಚುತ್ತದೆ. ಸಕ್ಕರೆ 250 ದಾಟಿದ್ದರೆ, ಅಥವಾ ವಾಂತಿ ಆಗುತ್ತಿದ್ದರೆ, ಮೂತ್ರದ ಪಟ್ಟಿಯಿಂದ ಕೀಟೋನ್ ಪರೀಕ್ಷಿಸಿ, ಬಣ್ಣ ಗಾಢವಾಗಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಇನ್ನೆರಡು ವರ್ಷದಲ್ಲಿ ಅವನು ಪ್ರಾಯಕ್ಕೆ ಬಂದಾಗ ಹಾರ್ಮೋನುಗಳ ಕಾರಣದಿಂದ ಇನ್ಸುಲಿನ್ ಹೆಚ್ಚು ಬೇಕಾಗುತ್ತದೆ. ಕಾಯಿಲೆ ಉಲ್ಬಣಿಸಿತೆಂದು ಆಗ ಹೆದರಬೇಡಿ. ಅವನು ಸಿಹಿ ತಿಂದದ್ದರಿಂದ ಇದು ಬಂದದ್ದಲ್ಲ, ನಿಮ್ಮ ಯಾವ ತಪ್ಪಿನಿಂದಲೂ ಬಂದದ್ದಲ್ಲ.

ಪ್ರಶ್ನೆ: ನಮ್ಮ ಮನೆಯಲ್ಲಿ ಫ್ರಿಜ್ ಇಲ್ಲ. ಬೇಸಿಗೆಯಲ್ಲಿ ಮಗಳ ಇನ್ಸುಲಿನ್ ಕೆಡದಂತೆ ಇಡುವುದು ಹೇಗೆ?
– ಒಬ್ಬ ತಂದೆ, ಕಲಬುರಗಿ ಜಿಲ್ಲೆ

ಉತ್ತರ: ಮಣ್ಣಿನ ಮಡಕೆ ನಿಮಗೆ ಸಾಕಾಗುತ್ತದೆ. ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆಯಿಟ್ಟು ನಡುವಿನ ಜಾಗಕ್ಕೆ ಮರಳು ತುಂಬಿ, ಮರಳನ್ನು ದಿನಕ್ಕೆರಡು ಬಾರಿ ಒದ್ದೆ ಮಾಡಿ, ಒಳಗಿನ ಮಡಕೆಯಲ್ಲಿ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿಯೊಳಗೆ ಇನ್ಸುಲಿನ್ ಇಟ್ಟು ಗಾಳಿಯಾಡುವ ನೆರಳಿನಲ್ಲಿರಿಸಿ. ಬಾಟಲಿಗೆ ನೀರು ತಾಗಬಾರದು. ತೆರೆದ ಬಾಟಲಿಯನ್ನು ಹೀಗಿಟ್ಟು ಸುಮಾರು ನಾಲ್ಕು ವಾರ ಬಳಸಬಹುದು. ತೆರೆಯದ ಬಾಟಲಿಗಳಿಗೆ 2ರಿಂದ 8 ಡಿಗ್ರಿ ಬೇಕಾಗುವುದರಿಂದ ಹೆಚ್ಚು ದಾಸ್ತಾನು ಮಾಡದೆ ತಿಂಗಳಿಗೊಮ್ಮೆ ತನ್ನಿ, ಅಥವಾ ಔಷಧಿ ಅಂಗಡಿಯವರ ಫ್ರಿಜ್‌ನಲ್ಲಿ ಇಡಿಸಿ. ಮಂಜುಗಡ್ಡೆಗೆ ನೇರವಾಗಿ ತಾಗಿಸಿ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಬಳಸುವಂತಿಲ್ಲ.

ನೀವು ಕೇಳದಿದ್ದರೂ ಒಂದು ಮಾತನ್ನು ಹೇಳಲೇಬೇಕು. ನಮ್ಮ ದೇಶದಲ್ಲಿ ಬಾಟಲಿಯ ಇನ್ಸುಲಿನ್ ಹೆಚ್ಚಾಗಿ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುತ್ತದೆ, ಪೆನ್ನಿನ ಕಾರ್ಟ್ರಿಜ್‌ನಲ್ಲಿ 100 ಯೂನಿಟ್ ಇರುತ್ತದೆ. ಕೆಂಪು ಮುಚ್ಚಳದ ಸಿರಿಂಜ್ 40ಕ್ಕೆ, ಕಿತ್ತಳೆ ಬಣ್ಣದ್ದು 100ಕ್ಕೆ. ಅದಲುಬದಲಾದರೆ ಮಗುವಿಗೆ ಎರಡೂವರೆ ಪಟ್ಟು ಹೆಚ್ಚು ಅಥವಾ ಅಷ್ಟೇ ಕಡಿಮೆ ಔಷಧ ಹೋಗುತ್ತದೆ. ಪ್ರತಿ ಬಾರಿ ಕೊಳ್ಳುವಾಗಲೂ ಬಾಟಲಿಯ ಮೇಲಿನ ಅಂಕಿ ಮತ್ತು ಸಿರಿಂಜಿನ ಮೇಲಿನ ಅಂಕಿ ಒಂದೇ ಇದೆಯೇ ಎಂದು ನೋಡಿಕೊಳ್ಳಿ.

ಪ್ರಶ್ನೆ: ನನಗೆ 19 ವರ್ಷ, ಹಾಸ್ಟೆಲಿನಲ್ಲಿದ್ದೇನೆ. ಅನ್ನ ಬಿಟ್ಟು ರಾಗಿ ಮುದ್ದೆ ಮಾತ್ರ ತಿನ್ನು ಎನ್ನುತ್ತಾರೆ. ಮುದ್ದೆ ತಿಂದ ಮೇಲೂ ಶುಗರ್ 280 ಆಗುತ್ತದೆ. ಕಬಡ್ಡಿ ಆಡಿದ ದಿನ ರಾತ್ರಿ ಶುಗರ್ ತೀರಾ ಇಳಿದು ಲೋ ಆಗುತ್ತದೆ. ಆಟ ಬಿಡಬೇಕೇ?
– ಒಬ್ಬ ವಿದ್ಯಾರ್ಥಿ, ಮಂಡ್ಯ

ಉತ್ತರ: ಮುದ್ದೆಯ ವಿಷಯದಲ್ಲಿ ನಮ್ಮ ಜನರಲ್ಲಿರುವ ನಂಬಿಕೆ ಪ್ರೀತಿಯದ್ದು, ಆದರೆ ಲೆಕ್ಕಕ್ಕೆ ನಿಲ್ಲುವುದಿಲ್ಲ. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬೋಹೈಡ್ರೇಟ್ ಇದ್ದರೆ ಅಷ್ಟೇ ರಾಗಿ ಹಿಟ್ಟಿನಲ್ಲಿ 70ರ ಆಸುಪಾಸು ಇದೆ. ರಾಗಿಯಲ್ಲಿ ನಾರು ಮತ್ತು ಕ್ಯಾಲ್ಸಿಯಂ ಹೆಚ್ಚು ಎಂಬುದು ನಿಜ, ಅದಕ್ಕಾಗಿ ತಿನ್ನಿ. ಆದರೆ ಮುದ್ದೆಯೊಂದಕ್ಕೆ ಎಷ್ಟು ಹಿಟ್ಟು ಹೋಗಿದೆ ಎಂಬುದರ ಮೇಲೆ ನಿಮ್ಮ ಶುಗರ್ ನಿಂತಿದೆ, ಮತ್ತು ಹಾಸ್ಟೆಲಿನ ಮುದ್ದೆ ದಿನಕ್ಕೊಂದು ಗಾತ್ರದಲ್ಲಿರುತ್ತದೆ. ನಿಮಗೆ ಒಂದು ಯೂನಿಟ್ ಇನ್ಸುಲಿನ್ ಎಷ್ಟು ಗ್ರಾಂ ಕಾರ್ಬೋಹೈಡ್ರೇಟನ್ನು ನಿಭಾಯಿಸುತ್ತದೆ ಎಂಬುದನ್ನು ವೈದ್ಯರೊಂದಿಗೆ ಕುಳಿತು ಕಂಡುಕೊಂಡು, ಊಟದ ಅಂದಾಜು ಮಾಡಿ ಚುಚ್ಚಿಕೊಳ್ಳುವುದನ್ನು ಕಲಿಯಿರಿ. ಇದನ್ನು ಕಲಿತವರಿಗೆ ಅನ್ನವೂ ನಿಷಿದ್ಧವಲ್ಲ, ಹಬ್ಬದ ದಿನದ ಒಂದು ಹೋಳಿಗೆಯೂ ನಿಷಿದ್ಧವಲ್ಲ. ಪದೇ ಪದೇ ಒಂದೇ ಜಾಗಕ್ಕೆ ಚುಚ್ಚಿಕೊಳ್ಳುತ್ತಿದ್ದರೆ ಅಲ್ಲಿ ಗಂಟು ಕಟ್ಟಿ ಔಷಧ ಸರಿಯಾಗಿ ಹೀರಿಕೆಯಾಗುವುದಿಲ್ಲ. ಹೊಟ್ಟೆಯ ಮೇಲೆ ಕೈಯಾಡಿಸಿ ಪರೀಕ್ಷಿಸಿಕೊಳ್ಳಿ.

ಆಟ ಬಿಡಬೇಡಿ. ಪಾಕಿಸ್ತಾನದ ವೇಗದ ಬೌಲರ್ ವಾಸಿಂ ಅಕ್ರಮ್ ಮಧುಮೇಹ ಬಂದ ಮೇಲೂ ವರ್ಷಗಟ್ಟಲೆ ಅಂತರರಾಷ್ಟ್ರೀಯ ಕ್ರಿಕೆಟ್ ಆಡಿದರು. ಎಳೆಯ ಬಾಲ್ಯದಿಂದ ಟೈಪ್ 1 ಇರುವ ಜರ್ಮನಿಯ ಅಲೆಕ್ಸಾಂಡರ್ ಜ್ವೆರೆವ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಟೆನಿಸ್ ಚಿನ್ನ ಗೆದ್ದರು. ದುಡಿದ ಸ್ನಾಯುಗಳು ಆಟ ಮುಗಿದ ಎಷ್ಟೋ ಗಂಟೆಗಳ ನಂತರವೂ ಸಕ್ಕರೆಯನ್ನು ಎಳೆದುಕೊಳ್ಳುತ್ತಲೇ ಇರುತ್ತವೆ, ರಾತ್ರಿ ಲೋ ಆಗುವುದು ಅದರಿಂದ. ಆಟವಾಡಿದ ದಿನ ಇನ್ಸುಲಿನ್ ಎಷ್ಟು ಇಳಿಸಬೇಕೆಂದು ವೈದ್ಯರನ್ನು ಕೇಳಿ, ಮಲಗುವ ಮುನ್ನ ತಪ್ಪದೆ ಪರೀಕ್ಷಿಸಿ. 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಗ್ಲೂಕೋಸ್ ಪುಡಿ ಅಥವಾ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿದು ಹದಿನೈದು ನಿಮಿಷದ ನಂತರ ಮತ್ತೆ ನೋಡಿ. ಚಾಕೊಲೇಟ್ ಬೇಡ, ಅದರ ಕೊಬ್ಬು ಸಕ್ಕರೆ ಏರುವುದನ್ನು ತಡಮಾಡುತ್ತದೆ.

ಪ್ರಶ್ನೆ: ಪರೀಕ್ಷಾ ಕೊಠಡಿಗೆ ಗ್ಲೂಕೋಸ್, ಮೀಟರ್ ಒಯ್ಯಬಹುದೇ?
– ಒಬ್ಬ ಶಿಕ್ಷಕಿ, ಶಿರಸಿ

ಉತ್ತರ: ಸಿಬಿಎಸ್‌ಇ 2017ರಲ್ಲೇ ಟೈಪ್ 1 ಇರುವ ಮಕ್ಕಳಿಗೆ ತಿನಿಸು, ಹಣ್ಣು, ನೀರು ಒಯ್ಯಲು ಅವಕಾಶ ಕೊಟ್ಟಿದೆ. ಪರೀಕ್ಷಾ ಮಂಡಳಿ ಯಾವುದೇ ಆಗಿರಲಿ, ವೈದ್ಯರ ಪ್ರಮಾಣಪತ್ರದೊಂದಿಗೆ ಕೇಂದ್ರದ ಮುಖ್ಯಸ್ಥರಿಗೆ ಕೆಲವು ವಾರ ಮೊದಲೇ ಬರೆದುಕೊಡಿಸಿ. ನೀವು ಶಿಕ್ಷಕಿಯಾಗಿ ಈ ಪ್ರಶ್ನೆ ಕೇಳಿದ್ದು ನನಗೆ ಬಹಳ ಸಂತೋಷ ತಂದಿತು. ತರಗತಿಯಲ್ಲಿ ಮಗು ಬೆವರಿ, ನಡುಗಿ, ಮಂಕಾಗಿ ಕುಳಿತರೆ ಅದು ಸೋಮಾರಿತನವಲ್ಲ, ಸಕ್ಕರೆ ಇಳಿದಿರಬಹುದು ಎಂದು ಉಳಿದ ಶಿಕ್ಷಕರಿಗೂ ತಿಳಿಸಿ.

ಪ್ರಶ್ನೆ: ನನಗೆ 24 ವರ್ಷ. ಒಂಬತ್ತನೆಯ ವಯಸ್ಸಿನಿಂದ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದೇನೆ. ಮದುವೆ ಮಾತುಕತೆ ನಡೆದಿದೆ. ಹುಡುಗನ ಕಡೆಯವರಿಗೆ ಹೇಳುವುದು ಬೇಡ ಎಂದು ಮನೆಯವರ ಒತ್ತಾಯ. ಮಕ್ಕಳಾಗುತ್ತವೆಯೇ, ಅವರಿಗೂ ಬರುತ್ತದೆಯೇ ಎಂಬ ಭಯವೂ ಇದೆ.
– ಹೆಸರು ಬೇಡ, ದಾವಣಗೆರೆ

ಉತ್ತರ: ಹೇಳಿಯೇ ಮದುವೆಯಾಗಿ. ಇದು ನೀತಿಯ ಮಾತು ಮಾತ್ರವಲ್ಲ, ನಿಮ್ಮ ಪ್ರಾಣದ ಮಾತು. ಮುಚ್ಚಿಟ್ಟು ಹೋದ ಹೆಣ್ಣುಮಕ್ಕಳು ಹೊಸ ಮನೆಯಲ್ಲಿ ಬಚ್ಚಲಲ್ಲಿ ನಿಂತು ಚುಚ್ಚಿಕೊಳ್ಳುತ್ತಾರೆ, ಅವಕಾಶ ಸಿಗದ ದಿನ ಬಿಟ್ಟುಬಿಡುತ್ತಾರೆ, ಊಟ ತಡವಾದರೂ ಬಾಯಿಬಿಟ್ಟು ಕೇಳುವುದಿಲ್ಲ. ಕೀಟೋನ್ ಏರಿ ಆಸ್ಪತ್ರೆ ಸೇರಿದ ದಿನ ಗುಟ್ಟು ಹೇಗೂ ಹೊರಬೀಳುತ್ತದೆ. ನಿಮ್ಮ ಮನೆಯವರ ಭಯ ನನಗೆ ಅರ್ಥವಾಗುತ್ತದೆ, ಗಂಡಿಗಿಂತ ಹೆಣ್ಣಿಗೆ ನಮ್ಮ ಸಮಾಜ ಈ ವಿಷಯದಲ್ಲಿ ಹೆಚ್ಚು ಕಠಿಣವಾಗಿದೆ ಎಂಬುದೂ ನಿಜ. ಆದರೂ ಕಾಯಿಲೆಯನ್ನು ಒಪ್ಪದ ಮನೆ ನಿಮಗೆ ತಕ್ಕ ಮನೆಯಲ್ಲ.

ಅವರಿಗೆ ಹೇಳಲು ನಿಮ್ಮ ಬಳಿ ಗಟ್ಟಿಯಾದ ಆಧಾರವಿದೆ. ಅಮೆರಿಕ ಮತ್ತು ಕೆನಡಾದಲ್ಲಿ 1,441 ಮಂದಿಯ ಮೇಲೆ ನಡೆದು 1993ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟವರಿಗೆ, ಸಾಮಾನ್ಯ ಚಿಕಿತ್ಸೆ ಪಡೆದವರಿಗಿಂತ, ಹೊಸದಾಗಿ ಕಣ್ಣಿನ ಅಕ್ಷಿಪಟಲಕ್ಕೆ ಹಾನಿಯಾಗುವ ಅಪಾಯ 76 ಪ್ರತಿಶತದಷ್ಟು ಕಡಿಮೆಯಾಯಿತು. ಮೂತ್ರಪಿಂಡ ಮತ್ತು ನರಗಳ ತೊಂದರೆಗಳೂ ಗಣನೀಯವಾಗಿ ತಗ್ಗಿದವು. ಆದ್ದರಿಂದ ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತಿಳಿಸುವ ಎಚ್‌ಬಿಎ1ಸಿ ರಕ್ತಪರೀಕ್ಷೆಯನ್ನು ಮೂರು ತಿಂಗಳಿಗೊಮ್ಮೆ, ಕಣ್ಣಿನ ಪರೀಕ್ಷೆ ಮತ್ತು ಮೂತ್ರಪಿಂಡದ ಹಾನಿಯನ್ನು ಸೂಚಿಸುವ ಮೂತ್ರದ ಅಲ್ಬುಮಿನ್ ಪರೀಕ್ಷೆಯನ್ನು ವರ್ಷಕ್ಕೊಮ್ಮೆ ತಪ್ಪಿಸಬೇಡಿ. ಖರ್ಚಿನ ಚಿಂತೆಯಿದ್ದರೆ ಬೆಂಗಳೂರಿನಲ್ಲಿ ಸರ್ಕಾರದ ಕರ್ನಾಟಕ ಅಂತಃಸ್ರಾವ ಮತ್ತು ಸಂಶೋಧನಾ ಸಂಸ್ಥೆಯಲ್ಲಿ ವಿಚಾರಿಸಬಹುದು.

ಮಕ್ಕಳಾಗುತ್ತವೆ. ಗರ್ಭ ನಿಲ್ಲುವ ಮೊದಲೇ ಎಚ್‌ಬಿಎ1ಸಿ 6.5ರ ಒಳಗೆ ಬಂದಿರಬೇಕು, ಏಕೆಂದರೆ ಮಗುವಿನ ಹೃದಯ, ಮೆದುಳು, ಬೆನ್ನುಹುರಿ ರೂಪುಗೊಳ್ಳುವುದು ಗರ್ಭಧಾರಣೆ ಗೊತ್ತಾಗುವ ಮುನ್ನವೇ ಆರಂಭವಾಗಿರುತ್ತದೆ. ಫೋಲಿಕ್ ಆಮ್ಲ ಮತ್ತು ಕಣ್ಣಿನ ತಪಾಸಣೆಯೂ ಮೊದಲೇ ಆಗಬೇಕು. ತಾಯಿಗೆ ಟೈಪ್ 1 ಇದ್ದಾಗ ಮಗುವಿಗೆ ಬರುವ ಸಾಧ್ಯತೆ ನೂರಕ್ಕೆ ಒಂದರಿಂದ ನಾಲ್ಕರಷ್ಟು ಮಾತ್ರ. ತಂದೆಗೆ ಇದ್ದರೆ ಅದಕ್ಕಿಂತ ತುಸು ಹೆಚ್ಚು.

ಮದುವೆ ನಿಶ್ಚಯವಾದ ಮೇಲೆ ಹುಡುಗನನ್ನು ಒಮ್ಮೆ ನಿಮ್ಮ ವೈದ್ಯರ ಬಳಿಗೆ ಕರೆದುಕೊಂಡು ಹೋಗಿ. ನಿದ್ದೆಯಲ್ಲಿ ಸಕ್ಕರೆ ಇಳಿದರೆ ಮೊದಲು ಗಮನಿಸಬೇಕಾದವರು ಅವರೇ. ಎಚ್ಚರವಿದ್ದರೆ ಸಕ್ಕರೆ ನೀರು ಕುಡಿಸುವುದು, ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಮಗ್ಗುಲಿಗೆ ಹೊರಳಿಸಿ, ರಕ್ತದ ಸಕ್ಕರೆಯನ್ನು ಏರಿಸುವ ಗ್ಲುಕಗಾನ್ ಚುಚ್ಚುಮದ್ದು ಮನೆಯಲ್ಲಿದ್ದರೆ ಅದನ್ನು ಕೊಟ್ಟು ಆಂಬುಲೆನ್ಸ್ ಕರೆಸುವುದು, ಇಷ್ಟನ್ನು ಅವರು ಮದುವೆಗೆ ಮೊದಲೇ ಕಲಿತಿರಲಿ.